ಅಕ್ಕನ ಕಾರಿನ ಹೊಸ್ತಿಲು

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕನ್ನಡ ಓದಲೂ ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ತಮಿಳುನಾಡಿನ ಅವಿನಾಶಿಯಲ್ಲಿ ಹುಟ್ಟಿ, ಅಲ್ಲೇ ತಮಿಳು ಶಾಲೆಗೆ ಹೋಗಿ, ಕೋಯಮತ್ತೂರಿನ ಶೆಡ್ಡುಗಳಲ್ಲಿ ನಲವತ್ತೈದು ವರ್ಷ ತಮಿಳಿನಲ್ಲೇ ಬೈಸಿಕೊಂಡು, ತಮಿಳಿನಲ್ಲೇ ಬೈದು ಬದುಕಿದವನು ನಾನು. ಕನ್ನಡ ನಮಗೆ ಮನೆಯೊಳಗಿನ ಮಾತು. ಊಟಕ್ಕೆ, ಜಗಳಕ್ಕೆ, ದೇವರಿಗೆ. ಈಗ ನಾನು ಹೇಳುತ್ತಿದ್ದೇನೆ, ಸೊಸೆ ಶೋಭಾ ಬರೆಯುತ್ತಿದ್ದಾಳೆ. ಅವಳು ನಂಜನಗೂಡಿನ ಕಡೆಯವಳು. ನಾನು ‘ಸೀಕ್ರಂ’ ಅಂದರೆ ಅವಳು ‘ಬೇಗ’ ಎಂದು ಬರೆದುಕೊಳ್ಳುತ್ತಾಳೆ. ನಾನು ಬೈದರೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಾಳೆ. ಹಾಗಾಗಿ ಇದರಲ್ಲಿ ಬೈಗುಳ ಕಡಿಮೆ ಕಂಡರೆ ಅದು ನನ್ನ ಸಜ್ಜನಿಕೆ ಅಂದುಕೊಳ್ಳಬೇಡಿ.

ಇದು ಅವಳ ತಮ್ಮ ಕಿರಣನಿಗಾಗಿ. ಅವನು ಈ ವರ್ಷ ಐಟಿಐಯಲ್ಲಿ ವೆಲ್ಡಿಂಗ್ ಸೇರಿದ್ದಾನೆ. ಫೋನು ಮಾಡಿ, “ಮಾವ, ಈ ಕೆಲಸ ನಿಜವಾಗಿ ಹೇಗಿರುತ್ತೆ? ಎರಡು ನಿಮಿಷದಲ್ಲಿ ಹೇಳಿ” ಎಂದ. ನಲವತ್ತೈದು ವರ್ಷ ಕಣ್ಣು ಸುಟ್ಟುಕೊಂಡವನಿಗೆ ಎರಡು ನಿಮಿಷದಲ್ಲಿ ಹೇಳಿ ಅನ್ನುತ್ತಾನಲ್ಲ! ಇರಪ್ಪಾ, ಬರೆಸಿ ಕಳಿಸುತ್ತೇನೆ ಎಂದೆ. ಕಿರಣಾ, ಕೂತು ಓದು.

ನಮ್ಮದು ನೇಕಾರರ ಮನೆ. ಅಪ್ಪ ಗುಂಡಿ ಮಗ್ಗದಲ್ಲಿ ನೇಯುತ್ತಿದ್ದರು. ಮಗ್ಗದ ಮುಂದೆ ನೆಲದಲ್ಲಿ ಒಂದು ಗುಂಡಿ ತೋಡಿರುತ್ತಾರೆ. ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಾ ನೇಯಬೇಕು. ಬೆಳಿಗ್ಗೆ ಇಳಿದರೆ ಮಧ್ಯಾಹ್ನದ ಊಟಕ್ಕೇ ಅಪ್ಪ ಮೇಲೆ ಬರುತ್ತಿದ್ದದ್ದು. ನನಗೆ ಹದಿನೇಳು ತುಂಬಿದಾಗ ಆ ಗುಂಡಿಯ ಅಂಚಿನಲ್ಲಿ ನಿಂತು, “ನಾನು ಇದರೊಳಗೆ ಇಳಿಯಲ್ಲ, ಕಬ್ಬಿಣದ ಕೆಲಸಕ್ಕೆ ಹೋಗ್ತೀನಿ” ಎಂದೆ. ಅಪ್ಪ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ತಿಂಗಳು ಆಡಿದ ಮೊದಲ ಮಾತು “ಉಪ್ಪು ತಾ”. ಆ ತಿಂಗಳುಗಳಲ್ಲಿ ಬೆಳಿಗ್ಗೆ ಐದಕ್ಕೆದ್ದು ಬುತ್ತಿ ಕಟ್ಟಿ, ಬಸ್ ನಿಲ್ದಾಣದವರೆಗೂ ಬಂದು ನನ್ನನ್ನು ಕೋಯಮತ್ತೂರಿನ ಬಸ್ಸು ಹತ್ತಿಸಿದವಳು ಅಕ್ಕ. ಸೌಡಮ್ಮ ಅವಳ ಹೆಸರು. ನನಗಿಂತ ಎಂಟು ವರ್ಷ ದೊಡ್ಡವಳು.

ನನ್ನ ಎದೆಯಲ್ಲಿ ಒಂದು ಮುಳ್ಳು ಮಾತ್ರ ಆವಾಗಿನಿಂದ ಹಾಗೇ ಉಳಿದಿತ್ತು. ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷದಲ್ಲಿ ನಮ್ಮ ಬಳಗದವರು ಯಾರೂ ನನ್ನ ಹತ್ತಿರ ಒಂದು ಬಕೆಟ್ಟಿನ ಹಿಡಿ ಬೆಸೆಸಿಕೊಳ್ಳಲೂ ಬರಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ನನ್ನನ್ನು ತೋರಿಸಿ ಏನು ಮಾಡುತ್ತಾನೆ ಎಂದು ಕೇಳಿದರೆ, “ಅದೇನೋ ಬೆಂಕಿ ಕೆಲಸ” ಎಂದು ಮಾತು ತಿರುಗಿಸುತ್ತಿದ್ದರು. ಬೇರೆಯವರ ಮಾತು ಬಿಡಿ, ಅಕ್ಕನ ಮನೆಯಲ್ಲೇ ಕಾರಿತ್ತು. ನಾನು ಕಾರಿನ ಬಾಡಿ ಕೆಲಸ ಮಾಡುವವನು. ಅವಳೂ ಒಂದು ದಿನ ಕರೆಯಲಿಲ್ಲ.

ನಾನು ಸೇರಿದ ಶೆಡ್ಡಿನ ಫೋರ್‌ಮನ್ ಕುಪ್ಪುಸಾಮಿ. ಕುಳ್ಳ ಆಸಾಮಿ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣ. ನಾವು ಬೆಸೆದ ಕಡೆಯೆಲ್ಲ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬೆಸುಗೆ ಬಿಟ್ಟುಕೊಂಡರೆ ಏನೂ ಹೇಳುತ್ತಿರಲಿಲ್ಲ, ಉಳಿಯನ್ನು ನಮ್ಮ ಕೈಗೆ ಕೊಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು. ಅವರು ನನ್ನನ್ನು ಹೊಗಳಿದ್ದು ಒಂದೇ ಸಲ. ಮೂರು ಏಟು ಹೊಡೆದರೂ ನನ್ನ ಬೆಸುಗೆ ಬಿಡಲಿಲ್ಲ, ಆಗ “ಮ್” ಅಂದರು. ಅದನ್ನು ನಾನು ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಆ ದಿನ ಪಾಯಸ ಮಾಡಿದಳು.

ಶೆಡ್ಡಿನ ಗೋಡೆಯ ಮೇಲೆ ಆ ಸೀಮೆಸುಣ್ಣದಲ್ಲೇ ತಮಿಳಿನಲ್ಲಿ ದೊಡ್ಡದಾಗಿ ಒಂದು ಸಾಲು ಬರೆದಿದ್ದರು: ಅಡ್ಡ ಹಾಕದೆ ಕತ್ತರಿಸಬೇಡ. ಕಿರಣಾ, ಇದನ್ನು ಗಟ್ಟಿ ಮಾಡಿಕೋ. ಲಾರಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ. ಸಣ್ಣ ಕಾರಿಗೆ ಹಾಗಲ್ಲ, ಅದರ ಮೈಯೇ ಅದರ ಬೆನ್ನುಮೂಳೆ. ಬಾಗಿಲ ಕೆಳಗೆ ಹೊಸ್ತಿಲ ಹಾಗೆ ಉದ್ದಕ್ಕೂ ಒಂದು ತಗಡಿನ ಪೆಟ್ಟಿಗೆ ಇರುತ್ತದಲ್ಲ, ಕಾರಿನ ಭಾರವೆಲ್ಲ ನಿಲ್ಲುವುದು ಅದರ ಮೇಲೆ. ತುಕ್ಕು ಹಿಡಿಯಿತು ಎಂದು ಅದನ್ನು ಸೀದಾ ಕತ್ತರಿಸಿದರೆ ಕಾರಿನ ನಡು ಕುಸಿಯುತ್ತದೆ. ಆಮೇಲೆ ಜನ್ಮದಲ್ಲಿ ಬಾಗಿಲು ಕೂರುವುದಿಲ್ಲ. ಅದಕ್ಕೇ ಮೊದಲು ಬಾಗಿಲ ಚೌಕಟ್ಟಿಗೆ ಒಂದು ಕಬ್ಬಿಣದ ಪಟ್ಟಿಯನ್ನು ಅಡ್ಡವಾಗಿಟ್ಟು ಎರಡು ತುದಿಗೂ ಚುಕ್ಕೆ ವೆಲ್ಡಿಂಗ್ ಮಾಡಿಕೊಳ್ಳಬೇಕು. ಆಮೇಲೆ ಕತ್ತರಿಸಬೇಕು. ನಾನು ಫೋರ್‌ಮನ್ ಆದಮೇಲೆ ಇದೇ ಸಾಲನ್ನು ಎಷ್ಟು ಹುಡುಗರ ಕಿವಿಗೆ ಕೂಗಿದ್ದೇನೋ ಲೆಕ್ಕವಿಲ್ಲ.

ತಪ್ಪು ಮಾಡದವನು ಎಂದು ಹೇಳಿಕೊಳ್ಳುತ್ತಿಲ್ಲ. ಒಬ್ಬ ಡಾಕ್ಟರ ಕಾರಿಗೆ ಹಿಂದಿನ ಸೀಟಿನ ಕೆಳಗೆ ತಗಡು ಹಾಕುತ್ತಿದ್ದೆ. ಸೀಟು ಬಿಚ್ಚಲು ಸೋಮಾರಿತನ. ಆಗಿನ ಸೀಟುಗಳಿಗೆ ತೆಂಗಿನ ನಾರು ತುಂಬುತ್ತಿದ್ದರು. ಕಿಡಿ ಹಾರಿತು, ನಾರು ಹೊಗೆಯಾಡಿತು, ನೋಡನೋಡುತ್ತಾ ಕೆಂಪಗಾಯಿತು. ನೀರಿನ ಬಕೆಟ್ ಇರಬೇಕಾದ ಜಾಗದಲ್ಲಿ ಬಕೆಟ್ ಇರಲಿಲ್ಲ. ಕೈಗೆ ಸಿಕ್ಕಿದ್ದು ಇಡೀ ಶೆಡ್ಡಿನ ಊಟಕ್ಕೆ ತಂದಿಟ್ಟಿದ್ದ ಮಜ್ಜಿಗೆಯ ಕ್ಯಾನು. ಪೂರ್ತಿ ಸುರಿದುಬಿಟ್ಟೆ. ಬೆಂಕಿ ಆರಿತು, ಡಾಕ್ಟರು ಮಾತ್ರ ಆರಲಿಲ್ಲ. ಬಿಸಿಲು ಏರಿದ ಹಾಗೆ ಕಾರು ಹುಳಿ ನಾರತೊಡಗಿತು. ರೋಗಿಗಳು ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ವಾರಕ್ಕೊಮ್ಮೆ ಬಂದು, “ಬೆಂಕಿ ಬಿದ್ದಿದ್ದರೆ ಇನ್ಶೂರೆನ್ಸಿನವರನ್ನಾದರೂ ಕೇಳಬಹುದಿತ್ತು, ಮಜ್ಜಿಗೆ ಬಿತ್ತು ಅಂತ ಯಾರನ್ನು ಕೇಳಲಿ?” ಎಂದು ಕೂಗಾಡುತ್ತಿದ್ದರು. ಕುಪ್ಪುಸಾಮಿಗೆ ಬೇಸರ ಆಗಿದ್ದು ಬೇರೆ ಕಾರಣಕ್ಕೆ, ಆ ದಿನ ಅವರು ಬರೀ ಅನ್ನ ತಿಂದಿದ್ದರು.

ಕೆಲಸದ ರೀತಿಯೂ ನನ್ನ ಕಣ್ಣ ಮುಂದೆ ಮೂರು ಸಲ ಬದಲಾಯಿತು. ಮೊದಲು ಗ್ಯಾಸ್ ವೆಲ್ಡಿಂಗ್. ಕಾವು ಹೆಚ್ಚಾದರೆ ತಗಡು ಹಪ್ಪಳದ ಹಾಗೆ ಎದ್ದುಬಿಡುತ್ತಿತ್ತು. ಆಮೇಲೆ ರಾಡ್ ಹಿಡಿಯುವ ಆರ್ಕ್ ಬಂತು. ತೆಳು ತಗಡಿಗೆ ಅದನ್ನು ಹಿಡಿದರೆ ಇದ್ದ ತೂತು ಮುಚ್ಚುವುದಿರಲಿ, ಇನ್ನೆರಡು ತೂತು ಬೀಳುತ್ತಿದ್ದವು. ಕೊನೆಗೆ ತಂತಿ ತಾನಾಗಿ ಬರುವ ಸಿಒಟು ಮೆಷಿನ್ ಬಂತು. ನಿಮ್ಮ ಪೀಳಿಗೆಯ ಪುಣ್ಯ ಅದು. ಆದರೆ ತುಕ್ಕಿನ ಮೇಲೆ ಪಟ್ಟಿ ಮೆತ್ತಿ, ಬಣ್ಣ ಹೊಡೆದು, ಗಿರಾಕಿಯನ್ನು ನಗುನಗುತ್ತಾ ಕಳಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನೀನು ಹಾಗೆ ಮಾಡಿದ್ದು ನನ್ನ ಕಿವಿಗೆ ಬಿದ್ದರೆ ನಂಜನಗೂಡಿಗೆ ಬಂದು ಬಾರಿಸುತ್ತೇನೆ. (ಶೋಭಾ ಇದನ್ನು ಬರೆಯುವುದಿಲ್ಲ ಎಂದಳು. ಬರೆ ಎಂದೆ.)

ಇಷ್ಟೆಲ್ಲ ಹೇಳಿದ್ದು ನಾನು ಎಷ್ಟು ದೊಡ್ಡ ಮನುಷ್ಯ ಎಂದು ತೋರಿಸಲು. ಈಗ ಆ ದೊಡ್ಡ ಮನುಷ್ಯ ರಿಟೈರ್ ಆದಮೇಲೆ ಸ್ವಂತ ಮನೆಯಲ್ಲಿ ಏನು ಮಾಡಿಕೊಂಡ ಅನ್ನುವುದು ಕೇಳು.

ನಾನು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಸಣ್ಣ ಲಾರಿಯೊಂದು ಬಂದು ನಿಂತಿತು. ಮೇಲೆ ಅಕ್ಕನ ಕಾರು, ಲಾರಿಯ ಮುಂದಿನ ಸೀಟಿನಲ್ಲಿ ಅಕ್ಕ, ಅಕ್ಕನ ತೊಡೆಯ ಮೇಲೆ ಅವಳ ಸೂಟ್‌ಕೇಸು. ಹಿಂದಿನಿಂದ ಬೈಕಿನಲ್ಲಿ ಅವಳ ಮಗ ಮುರುಗೇಶ. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುವ ಯೂನಿಟ್ ಇಟ್ಟುಕೊಂಡಿದ್ದಾನೆ. ಒಳ್ಳೆಯ ಹುಡುಗ, ಆದರೆ ಹಳೆಯದು ಯಾವುದನ್ನು ಕಂಡರೂ ಅವನ ಕೈ ಫೋನಿಗೆ ಹೋಗುತ್ತದೆ, ಯಾರಿಗೆ ಮಾರಲಿ ಎಂದು.

ಆ ಕಾರಿನ ಬಗ್ಗೆ ಹೇಳಬೇಕು. ಯಾವ ಕಂಪೆನಿಯದು ಅನ್ನುವುದು ಬೇಡ. ಗುಂಡು ಮೂತಿ, ಗುಂಡು ಬೆನ್ನು, ಬಿಳಿ ಬಣ್ಣ. ಭಾವ ನೂಲಿನ ವ್ಯಾಪಾರಕ್ಕೆಂದು ನಲವತ್ತು ವರ್ಷದ ಹಿಂದೆ ತೆಗೆದುಕೊಂಡಿದ್ದು. ಆದರೆ ಭಾವನಿಗೆ ರಿವರ್ಸ್ ಗೇರ್ ಅಂದರೆ ನಡುಕ. ಮುಂದಕ್ಕೆ ಹೋಗಿಬಿಡುತ್ತಿದ್ದರು, ವಾಪಸು ಬರುವುದು ಹೇಗೆ ಎಂದು ತಿಳಿಯದೆ ಹಾಗೇ ಕೂರುತ್ತಿದ್ದರು. ಕೊನೆಗೆ ಅಕ್ಕ ಕಲಿತಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇಲಂ ರಸ್ತೆಯಲ್ಲಿ ಲಾರಿಗಳ ನಡುವೆ ಹೋಗುತ್ತಿದ್ದಳು. ಪಕ್ಕದಲ್ಲಿ ಭಾವ ನೂಲಿನ ಮಾದರಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಎಪ್ಪತ್ತಾದರೂ ಅಕ್ಕ ಆ ಕಾರು ಬಿಟ್ಟು ಬೇರೆ ಗಾಡಿ ಮುಟ್ಟಿದವಳಲ್ಲ.

“ಮಾಮಾ,” ಎಂದ ಮುರುಗೇಶ, “ಇನ್ನು ಇಪ್ಪತ್ತೆರಡು ದಿವಸಕ್ಕೆ ಆರ್‌ಟಿಓ ಇನ್‌ಸ್ಪೆಕ್ಷನ್ ಇದೆ. ಅವರು ಪಾಸ್ ಮಾಡಿದ್ರೆ ಇನ್ನೂ ಅಞ್ಜು ವರ್ಷ, ಐದು ವರ್ಷ ಪೂರ್ತಿ ಅಮ್ಮ ಓಡಿಸ್ಲಿ, ನಾನು ವಾಯೇ ತೆರೆಯಲ್ಲ. ಫೇಲ್ ಆದ್ರೆ ಅದೇ ದಿವಸ ಗುಜರಿಗೆ, ತೂಕಕ್ಕೆ. ಆಳಿಗೂ ಹೇಳಿಟ್ಟಿದೀನಿ. ಅಮ್ಮ ಒಪ್ಪಿದಾರೆ.”

“ಒಪ್ಪಿದೀಯಾ ಅಕ್ಕಾ?”

“ಆಮಾ,” ಅಂದಳು ಅಕ್ಕ, ಸೂಟ್‌ಕೇಸು ಒಳಗಿಡುತ್ತಾ. “ನೀನಿದೀಯಲ್ಲ.”

ಅವಳು ಅಷ್ಟು ಹಗುರವಾಗಿ ಹೇಳಿದ್ದು ನನಗೆ ಕೋಪ ತಂತು. ಇಷ್ಟು ವರ್ಷ ಕರೆಯದವಳು, ಈಗ ಕಟ್ಟಕಡೆಗೆ ಬಂದು ಕೊರಳಿಗೆ ಕಟ್ಟುತ್ತಿದ್ದಾಳೆ ಅನ್ನಿಸಿತು. ಆದರೂ ಕಾರು ನೋಡಿದ ಕೂಡಲೇ ಕೈ ತುರಿಸಿತು, ಏನು ಮಾಡಲಿ.

ಕೆಲಸಕ್ಕೆ ಜಾಗ ನಮ್ಮ ಹಳೆಯ ಮಗ್ಗದ ಶೆಡ್ಡು. ಮಗ್ಗಗಳು ಹೋಗಿ ಯಾವ ಕಾಲವಾಯಿತು, ಗುಂಡಿಗಳು ಮಾತ್ರ ಹಲಗೆ ಮುಚ್ಚಿಕೊಂಡು ಹಾಗೇ ಇದ್ದವು. ಕಾರಿನ ಕೆಳಗೆ ಕೂತು ಕೆಲಸ ಮಾಡಲು ಶೆಡ್ಡುಗಳಲ್ಲಿ ಗುಂಡಿ ಕಟ್ಟಿಸುತ್ತಾರಲ್ಲ, ನಮ್ಮ ಮನೆಯಲ್ಲಿ ತಾತನ ಕಾಲದಿಂದಲೇ ಕಟ್ಟಿತ್ತು. ಹಲಗೆ ತೆಗೆದು, ಇನ್ನೊಂದಿಷ್ಟು ಅಗೆದು, ಕಾರನ್ನು ಅದರ ಮೇಲೆ ತಂದು ನಿಲ್ಲಿಸಿದೆ. ಬ್ಯಾಟರಿ ಕಳಚಿದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಸಾಗಿಸಿದೆ, ಪೆಟ್ರೋಲಿನ ಆವಿ ಗುಂಡಿಯಲ್ಲಿ ತಂಗಿದರೆ ನಾನು ಮೇಲೆ ಬರುವುದು ಬೇರೆ ರೀತಿ. ಸೀಟು, ಕಾರ್ಪೆಟ್ಟು, ಬಾಗಿಲು ಎಲ್ಲ ಹೊರಗೆ. ಪಕ್ಕದಲ್ಲಿ ಎರಡು ಬಕೆಟ್ ನೀರು. ಆಮೇಲೆ ಗುಂಡಿಗೆ ಇಳಿದು ಕೂತೆ. ಕೂತ ಮೇಲೆ ನೆನಪಾಯಿತು, ಇದು ಅಪ್ಪ ಕೂರುತ್ತಿದ್ದ ಗುಂಡಿ. ಇಳಿಯಲ್ಲ ಅಂದಿದ್ದೆನಲ್ಲ! ಅಪ್ಪ ಎಲ್ಲೋ ಕೂತು ನಗುತ್ತಿದ್ದಾರೆ ಅನ್ನಿಸಿ ಮೇಲೆ ನೋಡಿದೆ. ಕಾರಿನ ಹೊಟ್ಟೆ ಕಾಣಿಸಿತು.

ಎಡಗಡೆಯ ಹೊಸ್ತಿಲು ಗಟ್ಟಿ, ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಎಂದಿತು. ಬಲಗಡೆ, ಡ್ರೈವರ್ ಬಾಗಿಲ ಕೆಳಗಿನದು, ಬೆರಳಿಟ್ಟರೆ ಬೆರಳೇ ಒಳಗೆ ಹೋಯಿತು. ಎರಡೂ ಕಡೆ ಒಂದೇ ಮಳೆ, ಒಂದೇ ರಸ್ತೆ. ಒಂದು ಕಡೆ ಮಾತ್ರ ಯಾಕೆ ಹೀಗೆ? ಮೇಲಿನ ತಗಡನ್ನು ಸ್ವಲ್ಪ ಬಗೆದು ಒಳಗೆ ಕೈ ಹಾಕಿದೆ. ಬಂದದ್ದು ತುಕ್ಕಲ್ಲ. ಅರಿಸಿನ ಕೆಸರು, ಕಲ್ಲಿನ ಹಾಗೆ ಗಟ್ಟಿಯಾದ ಕುಂಕುಮ, ಒಣಗಿದ ಹೂವಿನ ಎಸಳು, ನಾಲ್ಕು ಅಕ್ಕಿ ಕಾಳು. ಹೊಸ್ತಿಲಿನ ತಳದಲ್ಲಿ ನೀರು ಸೋರಿಹೋಗಲೆಂದು ಕಂಪೆನಿಯವರು ಬಿಟ್ಟಿದ್ದ ತೂತುಗಳಿಗೆಲ್ಲ ಕುಂಕುಮ ಮೆತ್ತಿ ಬಿರಡೆ ಹಾಕಿದಂತಾಗಿತ್ತು.

ಆಗ ಹೊಳೆಯಿತು. ಶುಕ್ರವಾರ ಮನೆಯ ಹೊಸ್ತಿಲಿಗೆ ನೀರು ಹಾಕಿ, ಅರಿಸಿನ ಬಳಿದು, ಕುಂಕುಮವಿಟ್ಟು, ಹೂವಿಡುವಾಗ ಅಕ್ಕ ಕಾರಿನ ಹೊಸ್ತಿಲಿಗೂ ಅದನ್ನೇ ಮಾಡುತ್ತಿದ್ದಳು. ಡ್ರೈವರ್ ಬಾಗಿಲಿಗೆ ಮಾತ್ರ. ಯಾಕೆಂದರೆ ಅವಳ ಲೆಕ್ಕದಲ್ಲಿ ಅದೇ ತಲೆಬಾಗಿಲು. ನಲವತ್ತು ವರ್ಷ, ಒಂದು ಶುಕ್ರವಾರ ಬಿಡದೆ, ಒಂದೊಂದು ಚೆಂಬು ನೀರು! ಕಾರನ್ನು ಮಳೆ ತಿಂದಿರಲಿಲ್ಲ, ಅಕ್ಕನ ಭಕ್ತಿ ತಿಂದಿತ್ತು.

ಇದನ್ನು ಅವಳಿಗೆ ಹೇಗೆ ಹೇಳುವುದು? ಗಂಡ ಹೋದಮೇಲೆ ಅವಳಿಗೆ ಉಳಿದಿದ್ದು ಈ ಕಾರು. ನಿನ್ನ ಕೈಯಾರೆ ನೀನೇ ಕೊಳೆಸಿದೆ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಬಂದದ್ದನ್ನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮೂಲೆಯಲ್ಲಿದ್ದ ಹಳೆಯ ಮಗ್ಗದ ಮರಗಳ ಹಿಂದೆ ಬಚ್ಚಿಟ್ಟೆ.

ಬೇಕಾದ ಅಳತೆಗೆ ಕೋಯಮತ್ತೂರಿನ ಪೀಳಮೇಡಿನಲ್ಲಿ ದಪ್ಪ ತಗಡು ಮಡಿಸಿಕೊಂಡು ಬಂದೆ. ಕತ್ತರಿಸುವ ದಿನ ಬಂತು. ಅಡ್ಡಪಟ್ಟಿ ಎತ್ತಿಕೊಂಡು ಬಾಗಿಲ ಚೌಕಟ್ಟಿಗೆ ಹಿಡಿದೆ. ಅಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದಿನವೂ ನನ್ನ ಕೆಲಸ ನೋಡುತ್ತಿದ್ದಳು, ಕುಪ್ಪುಸಾಮಿಯ ಅಕ್ಕನ ಹಾಗೆ.

“ಏನ್ಡಾ ಅದು?”

“ಅಡ್ಡಪಟ್ಟಿ ಅಕ್ಕಾ. ಬಾಗಿಲಿಗೆ ಅಡ್ಡವಾಗಿ ವೆಲ್ಡಿಂಗ್ ಮಾಡಿ ನಿಲ್ಲಿಸ್ತೀನಿ. ಕೆಲಸ ಮುಗಿದ ಮೇಲೆ ತೆಗೀತೀನಿ.”

“ಬಾಗಿಲಿಗೆ ಅಡ್ಡವಾ? ವೇಂಡಾ, ಬೇಡ.”

“ಅದು ಇಲ್ದೆ ಆಗಲ್ಲಕ್ಕಾ.”

“ಬಾಗಿಲಿಗೆ ಅಡ್ಡ ಯಾರ ಮನೇಲಿ ಬಡೀತಾರೆ ಗೊತ್ತಾ ನಿಂಗೆ? ಊರು ಬಿಟ್ಟು ಓಡಿಹೋದೋರ ಮನೇಲಿ. ಇವತ್ತು ಯಾವ ದಿವಸ? ಶುಕ್ರವಾರ. ಶುಕ್ರವಾರ ಹೊಸ್ತಿಲ ಮೇಲೆ ಅಡ್ಡ ಹೊಡೆದ್ರೆ ಲಕ್ಷ್ಮಿ ಎಲ್ಲಿಂದ ಬರೋದು, ಕಿಟಕಿಯಿಂದಲಾ?”

“ಅಕ್ಕಾ, ಇದು ಕಾರು.”

“ಕಾರಾದ್ರೆ ಏನು, ಹೊಸ್ತಿಲು ಹೊಸ್ತಿಲೇ.”

ನಾನು ಮೂವತ್ತು ಜನರ ಶೆಡ್ಡು ನಡೆಸಿದವನು. ನನ್ನ ಧ್ವನಿ ಕೇಳಿದರೆ ಗಂಡಸರು ಬೀಡಿ ಎಸೆಯುತ್ತಿದ್ದರು. ಆದರೆ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದವಳ ಮುಂದೆ ನನಗೆ ಈಗಲೂ ಹದಿನೇಳೇ. ಪಟ್ಟಿಯನ್ನು ಗೋಡೆಗೆ ಒರಗಿಸಿಬಿಟ್ಟೆ. ನಡುವಿನ ಕೆಳಗೆ ಒಂದು ಮರದ ತುಂಡು ಕೊಟ್ಟರೆ ಸಾಕು, ನಾನೇನು ಹೊಸಬನಾ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುಂಡಿಯ ಅಂಚಿನಲ್ಲಿ ಮರದ ತುಂಡು ನಿಲ್ಲಿಸಿ, ಗ್ರೈಂಡರ್ ತೆಗೆದುಕೊಂಡು ಕೊಳೆತ ಹೊಸ್ತಿಲನ್ನು ಉದ್ದಕ್ಕೂ ಕತ್ತರಿಸಿ ತೆಗೆದೆ. ಚೆನ್ನಾಗೇ ಇತ್ತು. ಕೈಕಾಲು ತೊಳೆದು ಊಟಕ್ಕೆ ಹೋದೆ.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಗುಂಡಿಯ ಅಂಚಿನ ಮಣ್ಣು ಉದುರಿ, ಮರದ ತುಂಡು ಅರ್ಧ ಒಳಗೆ ಇಳಿದಿತ್ತು. ಅದರ ಜೊತೆಗೆ ಕಾರಿನ ನಡುವೂ ಇಳಿದಿತ್ತು. ಬಾಗಿಲನ್ನು ತಂದು ಹಿಡಿದು ನೋಡಿದೆ. ಮೇಲುಗಡೆ ಒತ್ತುತ್ತದೆ, ಬೀಗ ಇರುವ ಕಡೆ ಒಂದು ಬೆರಳು ವ್ಯತ್ಯಾಸ. ಹಾಗೆ ನೂಕಿದೆ, ಹೀಗೆ ನೂಕಿದೆ. ಕೂರಲಿಲ್ಲ.

ಇನ್ನು ಉಳಿದಿದ್ದು ಹನ್ನೊಂದು ದಿನ. ಬಾಗಿಲು ಮುಚ್ಚದ ಕಾರನ್ನು ಯಾವ ಇನ್‌ಸ್ಪೆಕ್ಟರೂ ಪಾಸ್ ಮಾಡುವುದಿಲ್ಲ. ತೂಕದವನು ಬರುತ್ತಾನೆ, ಅಕ್ಕನ ಕಾರು ಹೋಗುತ್ತದೆ, ಕಳಿಸಿದವನು ನಾನು. ನಾನು ಗುಂಡಿಯಲ್ಲಿ ಕೂತು ಅತ್ತುಬಿಟ್ಟೆ ಕಿರಣಾ. ಅರವತ್ತೆರಡು ವರ್ಷದ ಗಂಡಸು. ನಾಚಿಕೆಯಾಗುತ್ತದೆ, ಆದರೂ ಬರೆಸುತ್ತಿದ್ದೇನೆ.

ಅಕ್ಕ ಕಾಫಿ ತಂದಳು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು.

“ಎಲ್ಲಾ ನಿನ್ನಿಂದ!” ಎಂದು ಕೂಗಿದೆ. “ಅಡ್ಡ ಹಾಕಬೇಕು ಅಂದ್ರೆ ವೇಂಡಾ ವೇಂಡಾ ಅಂದೆ. ಈಗ ಕೂರಿಸ್ಕೋ ನಿನ್ನ ಲಕ್ಷ್ಮೀನ!”

ಅವಳ ಮೇಲೆ ನಾನು ಹಾಗೆ ಕೂಗಿದ್ದು ಜನ್ಮದಲ್ಲಿ ಅದೇ ಮೊದಲು. ಅಕ್ಕ ಕಾಫಿ ಲೋಟ ಕೆಳಗಿಟ್ಟು ಮನೆಯೊಳಗೆ ಹೋದಳು. ಸೂಟ್‌ಕೇಸು ತರುತ್ತಾಳೆ ಎಂದು ಹೆದರಿದೆ. ಬಂದಾಗ ಅವಳ ಕೈಯಲ್ಲಿ ಒಂದು ನೂಲಿನ ಉಂಡೆ ಇತ್ತು.

“ಅಪ್ಪ ಮಗ್ಗ ನಿಲ್ಲಿಸೋವಾಗ ಚೌಕ ಸರಿ ಇದೆಯಾ ಅಂತ ಹೆಂಗೆ ನೋಡ್ತಿದ್ರು? ಹೇಳು.”

“ನೂಲು ಹಿಡಿದು.”

“ಮೂಲೆಯಿಂದ ಮೂಲೆಗೆ. ಅಲ್ವಾ? ಏಳು ಮೇಲೆ.”

ಎಡಗಡೆಯ ಒಳ್ಳೆಯ ಬಾಗಿಲ ಚೌಕಟ್ಟಿಗೆ ಹೋದಳು. ಮೇಲಿನ ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ನೂಲು ಬಿಗಿಯಾಗಿ ಎಳೆದು, ಅದು ಮುಟ್ಟಿದ ಕಡೆ ಒಂದು ಗಂಟು ಹಾಕಿದಳು. ಇನ್ನೊಂದು ನೂಲು ಇನ್ನೆರಡು ಮೂಲೆಗಳಿಗೆ, ಅದಕ್ಕೂ ಗಂಟು. ಆ ಎರಡೂ ನೂಲನ್ನು ಬಲಗಡೆಗೆ ತಂದು ಹಾಗೇ ಹಿಡಿದಳು. ಒಂದು ನೂಲಿನ ಗಂಟು ಮೂಲೆಯನ್ನು ದಾಟಿ ಹೋಯಿತು, ಇನ್ನೊಂದು ಮುಟ್ಟಲೇ ಇಲ್ಲ. ಎಷ್ಟು ಕುಸಿದಿದೆ, ಯಾವ ಕಡೆಗೆ ಕುಸಿದಿದೆ ಅನ್ನುವುದು ಅಲ್ಲೇ ಕಣ್ಣಿಗೆ ಕಾಣುತ್ತಿತ್ತು. ನಾನು ಟೇಪು ಹಿಡಿದು ಒಂದು ಗಂಟೆ ತಡಕಾಡಿದ್ದೆ.

“ಎರಡು ಗಂಟೂ ಮೂಲೆಗೆ ಬರೋ ತನಕ ಎತ್ತು,” ಅಂದಳು. “ಮೆಲ್ಲಗೆ. ಮಗ್ಗ ಅಂದ್ಕೋ.”

ಈ ಸಲ ಗುಂಡಿಯ ಮೇಲೆ ಅಪ್ಪನ ಮಗ್ಗದ ದಪ್ಪ ಮರವನ್ನು ಅಡ್ಡಲಾಗಿ ಹಾಸಿ, ಅದರ ಮೇಲೆ ಜಾಕ್ ಇಟ್ಟೆ. ಅಕ್ಕ ನೂಲು ಹಿಡಿದು ನಿಂತಳು. ಅರ್ಧ ಸುತ್ತು ತಿರುಗಿಸಿ ನಿಲ್ಲುತ್ತೇನೆ, “ಇನ್ನೂ” ಅನ್ನುತ್ತಾಳೆ. ಮತ್ತೆ ಅರ್ಧ ಸುತ್ತು. “ಇನ್ನೂ.” ತಗಡು ಕಿರುಗುಟ್ಟುತ್ತದೆ. “ಇನ್ನೂ... ಇನ್ನೂ ಒಂದು ಚೂರು... ನಿಲ್ಸು!” ಎರಡು ಗಂಟೂ ಮೂಲೆಗೆ ಬಂದು ಕೂತವು. ಬಾಗಿಲು ತಂದು ಹಿಡಿದೆ. ಅದು ತನ್ನ ಜಾಗಕ್ಕೆ ತಾನೇ ಹೋಗಿ ಟಕ್ ಎಂದಿತು.

“ಅಕ್ಕಾ, ಈಗಲಾದರೂ ಅಡ್ಡ ಹಾಕಲಾ?” ಎಂದೆ, ಕೈಮುಗಿದು.

ಅವಳು ಯೋಚಿಸಿದಳು. ಹಿತ್ತಲಿಗೆ ಹೋಗಿ ಮಾವಿನ ಎಲೆ ಕೊಯ್ದು ತಂದಳು. ಅಡ್ಡಪಟ್ಟಿಗೆ ಉದ್ದಕ್ಕೂ ತೋರಣ ಕಟ್ಟಿದಳು. “ತೋರಣ ಕಟ್ಟಿದ ಮೇಲೆ ಅದು ಅಡ್ಡ ಅಲ್ಲ, ಅಲಂಕಾರ. ಹೊಡಿ.”

ನಲವತ್ತೈದು ವರ್ಷದಲ್ಲಿ ತೋರಣ ಕಟ್ಟಿದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿದ್ದು ಅದೊಂದೇ ಸಲ. ಎರಡನೆಯ ಚುಕ್ಕೆಗೇ ದಾರಕ್ಕೆ ಕಿಡಿ ತಗುಲಿ ಎಲೆಗಳು ಹೊಗೆಯಾಡಿದವು. ಅಕ್ಕ ಗಾಬರಿಯಾಗಿ ಪಕ್ಕದಲ್ಲಿದ್ದ ಚೆಂಬು ಎತ್ತಿದಳು. “ಮಜ್ಜಿಗೆ ಬೇಡ!” ಎಂದು ಚೀರಿದೆ. ಚೆಂಬಿನಲ್ಲಿ ಅವಳು ನನಗೆ ಕುಡಿಯಲೆಂದು ತಂದಿಟ್ಟಿದ್ದು ಮಜ್ಜಿಗೆಯೇ. ಬಕೆಟ್ಟಿನ ನೀರು ಚಿಮುಕಿಸಿ ಆರಿಸಿದೆವು. ಅವಳು ಹೊಸ ಎಲೆ ತಂದು ಮತ್ತೆ ಕಟ್ಟಿದಳು, ಈ ಸಲ ತಂತಿಯಲ್ಲಿ.

ಆಮೇಲಿನ ಕೆಲಸ ಸುಸೂತ್ರ. ಹೊಸ ಹೊಸ್ತಿಲಿಗೆ ಒಳಗೆಲ್ಲ ತುಕ್ಕು ಹಿಡಿಯದ ಬಣ್ಣ ಬಳಿದು, ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತಾ, ಒಂದು ಕಡೆಯೇ ಕಾವು ಏರದಂತೆ ನಡುನಡುವೆ ಆರಲು ಬಿಡುತ್ತಾ ಮೂರು ದಿನ ಬೆಸೆದೆ. ನೀರು ಸೋರುವ ತೂತುಗಳನ್ನು ಕಂಪೆನಿಯವರಿಗಿಂತ ಎರಡರಷ್ಟು ದೊಡ್ಡದು ಬಿಟ್ಟೆ, ಯಾಕೆ ಎಂದು ಅಕ್ಕ ಕೇಳಲಿಲ್ಲ, ನಾನು ಹೇಳಲಿಲ್ಲ. ಕೊನೆಗೆ ಅಡ್ಡಪಟ್ಟಿ ಬಿಡಿಸಿ, ನಾನೇ ಉಳಿ ಇಟ್ಟು ಮೂರು ಏಟು ಹೊಡೆದೆ. ಬಿಡಲಿಲ್ಲ. “ಮ್” ಅಂದೆ.

ಇನ್‌ಸ್ಪೆಕ್ಷನ್ ದಿನ ಮುರುಗೇಶ ಕೈಯಲ್ಲಿ ಫೋನು ಹಿಡಿದೇ ಬಂದಿದ್ದ. ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಚಿಕ್ಕವರು. ಬಗ್ಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಹೊಸ್ತಿಲನ್ನು ತಟ್ಟಿದರು. ಬಲಗಡೆಯೂ ಠಣ್, ಎಡಗಡೆಯೂ ಠಣ್. ಡ್ರೈವರ್ ಬಾಗಿಲನ್ನು ಮೂರು ಸಲ ತೆಗೆದು ಮುಚ್ಚಿದರು. ಮೂರು ಸಲವೂ ಟಕ್. “ಓಡಿಸೋರು ಯಾರು?” ಎಂದು ಮುರುಗೇಶನ ಕಡೆ ನೋಡಿದರು. ಅಕ್ಕ ಆಗಲೇ ಸೆರಗು ಸಿಕ್ಕಿಸಿ ಒಳಗೆ ಕೂತಾಗಿತ್ತು. ಅಂಗಳದಲ್ಲಿ ಒಂದು ಸುತ್ತು ಹಾಕಿ, ಎರಡು ಲಾರಿಗಳ ನಡುವೆ ರಿವರ್ಸಿನಲ್ಲಿ ತಂದು ನಿಲ್ಲಿಸಿದಳು. ಇನ್‌ಸ್ಪೆಕ್ಟರು ನಕ್ಕು ಸಹಿ ಹಾಕಿದರು. ಮುರುಗೇಶ ಫೋನನ್ನು ಜೇಬಿಗೆ ಹಾಕಿಕೊಂಡ.

ಅಕ್ಕ ಇನ್ನೂ ನಾಲ್ಕು ದಿನ ನಮ್ಮಲ್ಲೇ ಉಳಿದಳು. ಶುಕ್ರವಾರ ಬಂತು. ನಾನು ಜಗಲಿಯಲ್ಲಿ ಕೂತಿದ್ದೆ. ಅಕ್ಕ ತಲೆಗೆ ಸ್ನಾನ ಮಾಡಿ, ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಒಂದು ಚೆಂಬು ತುಂಬ ನೀರು ಹಿಡಿದು ಸೀದಾ ಡ್ರೈವರ್ ಬಾಗಿಲ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು.

“ಅಕ್ಕಾ, ನಿಲ್ಲು!” ಎಂದು ಓಡಿದೆ. ಮಗ್ಗದ ಮರಗಳ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ತಂದು ಅವಳ ಮುಂದೆ ಮುಚ್ಚಳ ತೆಗೆದಿಟ್ಟೆ. “ನೋಡು. ಇದೆಲ್ಲ ಹೊಸ್ತಿಲಿನ ಒಳಗೆ ಸಿಕ್ಕಿದ್ದು. ಹೇಳಬಾರದು ಅಂತಿದ್ದೆ. ನಿನ್ನ ಶುಕ್ರವಾರದ ನೀರಿಂದಲೇ ಅಕ್ಕಾ ಇದು ಕೊಳೆತಿದ್ದು.”

ಅಕ್ಕ ಡಬ್ಬಿಯೊಳಗೆ ಬೆರಳಾಡಿಸಿ ಒಂದು ಒಣ ಎಸಳು ಎತ್ತಿಕೊಂಡಳು.

“ಗೊತ್ತು,” ಅಂದಳು.

“ಏನು ಗೊತ್ತು?”

“ನಿಮ್ಮ ಭಾವ ಮೂವತ್ತು ವರ್ಷದ ಹಿಂದೇನೇ ಹೇಳಿದ್ರು. ಇಂಗೇ ನೀರು ಹುಯ್ದರೆ ಕಾರು ಕೊಳೆತು ಹೋಗುತ್ತೆ ಸೌಡಾ, ಅಂತ.”

“ಹೇಳಿದ ಮೇಲೂ ಹುಯ್ದೆಯಾ?”

“ಕೊಳೆತರೆ ಕೊಳೀಲಿ, ನನ್ನ ತಮ್ಮ ವೆಲ್ಡಿಂಗ್ ಬಲ್ಲೋನು ಇದಾನೆ, ಅಂದೆ. ಆಮೇಲೆ ಅವರೂ ಸುಮ್ಮನಾದ್ರು.”

ಬಳಗದಲ್ಲಿ ಯಾರೂ ನನ್ನ ಕೆಲಸವನ್ನು ಕೆಲಸ ಅನ್ನಲಿಲ್ಲ ಎಂದು ನಾನು ಮುಳ್ಳು ಇಟ್ಟುಕೊಂಡಿದ್ದ ಅಷ್ಟೂ ವರ್ಷ ಇವಳು ಅದೇ ನಂಬಿಕೆಯ ಮೇಲೆ ಶುಕ್ರವಾರಕ್ಕೊಂದು ಚೆಂಬು ನೀರು ಹುಯ್ಯುತ್ತಿದ್ದಳು. ಡಬ್ಬಿಯ ಮುಚ್ಚಳ ಹಾಕಿ ಕೇಳಿದೆ, “ಅಷ್ಟು ನಂಬಿದ್ದೋಳು ಒಂದು ದಿವಸಾನಾದ್ರೂ ಯಾಕೆ ಕರೀಲಿಲ್ಲ ಅಕ್ಕಾ?”

“ವಾರ ಪೂರ್ತಿ ಶೆಡ್ಡಲ್ಲಿ ಬೆಂದು ಬರ್ತಿದ್ದೆ. ಇದ್ದದ್ದೊಂದು ಭಾನುವಾರ. ಅದನ್ನೂ ಕಿತ್ಕೊಳ್ಳೋದಾ? ರಿಟೈರ್ ಆಗ್ಲಿ ಅಂತ ಕಾದೆ.”

ಹಾಗೆ ಹೇಳಿ ತಟ್ಟೆ, ಚೆಂಬು ಎತ್ತಿಕೊಂಡು ಎದ್ದಳು. ಕಾರನ್ನು ಸುತ್ತಿಕೊಂಡು ಎಡಗಡೆಯ ಬಾಗಿಲಿಗೆ ಹೋಗಿ ಕೂತಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೀರು ಸುರಿದಾಗಿತ್ತು.

“ಅಕ್ಕಾ! ಆ ಕಡೆ ಯಾಕೆ?”

“ಆ ಕಡೆದು ಹೊಸಾದು, ಬೇಡ ಅಂದ್ಯಲ್ಲ,” ಅಂದಳು, ಅರಿಸಿನ ಬಳಿಯುತ್ತಾ. “ಇದು ಕೊಳೆಯೋಕೆ ಇನ್ನೂ ನಲವತ್ತು ವರ್ಷ ಬೇಕು. ಅಲ್ಲೀವರೆಗೂ ನೀನು ಇರು.”

ಆ ಅಡ್ಡಪಟ್ಟಿಯನ್ನು ನಾನು ತೂಕಕ್ಕೆ ಹಾಕಿಲ್ಲ. ಒರೆಸಿ, ಎಣ್ಣೆ ಹಚ್ಚಿ, ಅಪ್ಪನ ಮಗ್ಗದ ಮರದ ಪಕ್ಕದಲ್ಲಿ ನಿಲ್ಲಿಸಿದ್ದೇನೆ.